ದೇವರ ತಟ್ಟೆಯಲ್ಲಿ ಒಂದು ಕಡಿಮೆ

ಗಂಗಾಬಾಯಿ ಮಡಿಯುಟ್ಟರೆ ಮನೆಯ ಬೆಕ್ಕೂ ಗೋಡೆಗೆ ಅಂಟಿಕೊಂಡು ನಡೆಯುತ್ತಿತ್ತು. ಮಗ ಪ್ರಾಣೇಶನ ಗತಿಯೂ ಅದೇ. ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಹುಡುಗರನ್ನು ಗಡಗಡ ನಡುಗಿಸುವ ಗಣಿತದ ಮೇಷ್ಟ್ರು, ಬ್ರೂಸ್‌ಪೇಟೆಯ ಮನೆಯಲ್ಲಿ ಮಾತ್ರ ತಾಯಿ ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದ. ಹೆಂಡತಿ ಶ್ರೀವಲ್ಲಿ ಸಿರುಗುಪ್ಪದಲ್ಲಿ ಟೀಚರು. ಅವಳು ಬೆಳಗಿನ ಬಸ್ಸಿಗೆ ಹೋದಳೆಂದರೆ ಮೂರು ವರ್ಷದ ಪವಮಾನ ಇವರಿಬ್ಬರ ಪಾಲು. ಇಬ್ಬರೂ ಮಡಿಯಲ್ಲಿರುವಾಗ ಅವನು ಯಾರ ಪಾಲೂ ಅಲ್ಲ.

ಅಂದು ಪ್ರಾಣೇಶ ಪೂಜೆಗೆ ಕೂತು ನೋಡಿದರೆ ದೇವರ ತಟ್ಟೆಯಲ್ಲಿ ಬಟಾಣಿ ಗಾತ್ರದ ಸಣ್ಣ ಸಾಲಿಗ್ರಾಮವೇ ಇಲ್ಲ. ತಟ್ಟೆ ತಡಕಿದ, ವಸ್ತ್ರ ಕೊಡವಿದ. ಅಷ್ಟರಲ್ಲಿ ಪಡಸಾಲೆಯಲ್ಲಿ ಪವಮಾನ ಓಕರಿಸಿ ಅಳತೊಡಗಿದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕುಡಿಸಿದ ಹಾಲು ಹಾಗೇ ವಾಪಸ್ಸು ಬಂತು.

“ಏನ್ ನುಂಗಿದೋ?”

“ಗುಂಡಂದು,” ಎಂದಿತು ಮಗು.

“ಸಾಲಿಗ್ರಾಮ ನುಂಗ್ಯಾನಮ್ಮ!” ಎಂದು ಪ್ರಾಣೇಶ ಮಗುವನ್ನು ಬಾಚಿ ಎತ್ತಿಕೊಂಡ. ಗಂಗಾಬಾಯಿ ಮಾತ್ರ ಅಡುಗೆಮನೆಯ ಹೊಸ್ತಿಲಲ್ಲೇ ನಿಂತು, “ಹೆದರಬ್ಯಾಡೋ. ದೇವರು ಹೊಟ್ಟಿಗೆ ಹೋದ್ರ ಕೆಟ್ಟದ್ದು ಹ್ಯಾಂಗ ಆಗ್ತದ? ಬಾಳೆಹಣ್ಣು ತಿನ್ನಸು. ನಾಳಿಗೆ ತಾನ ಹೊರಗ ಬರ್ತದ,” ಎಂದರು.

“ಯಾವ ದಾರಿಲೆ ಬರ್ತದ ಅಂತ ವಿಚಾರ ಮಾಡೀಯೇನಮ್ಮ?”

ಗಂಗಾಬಾಯಿ ವಿಚಾರ ಮಾಡಿದರು. ಮುಖ ಹುಳ್ಳಗಾಯಿತು. “ಅಯ್ಯೋ ರಾಮಾ. ನಡೀ ದವಾಖಾನಿಗೆ,” ಎಂದರು.

ಆಟೋದಲ್ಲಿ ಗಂಗಾಬಾಯಿ ಯಾರಿಗೂ ತಾಗದಂತೆ ಮೂಲೆಯಲ್ಲಿ ಮುದುಡಿ ಕೂತರು. ಪ್ರಾಣೇಶ ಬರಿಮೈ, ಮೈತುಂಬ ನಾಮ, ಎದೆಗೆ ಮಗು. ಬಸ್ಸಿನಿಂದ ಶ್ರೀವಲ್ಲಿ ಫೋನು ಮಾಡಿದಳು.

“ಪವಮಾನ ಏನ್ ಮಾಡ್ಲಿಕತ್ತಾನ?”

“ದೇವರ ಜೋಡಿ ಅದಾನ,” ಎಂದು ಪ್ರಾಣೇಶ ಫೋನು ಇಟ್ಟ. ಸುಳ್ಳು ಹೇಳುವ ಧೈರ್ಯ ಅವನಿಗೆ ಇರಲಿಲ್ಲ, ನಿಜ ಹೇಳುವ ಧೈರ್ಯವಂತೂ ಮೊದಲೇ ಇಲ್ಲ.

ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಮೇಘಾ ಬಾದನಹಟ್ಟಿಯವಳು, ಪ್ರಾಣೇಶನ ಹಳೆಯ ವಿದ್ಯಾರ್ಥಿನಿ. ಬರಿಮೈಯ ಮೇಷ್ಟ್ರನ್ನು ಕಂಡು ಬಂದ ನಗುವನ್ನು ನುಂಗಿಕೊಂಡು ಮಗುವಿನ ಎದೆಗೆ ಕಿವಿಕೊಳವೆ ಇಟ್ಟಳು.

“ಉಸುರು ಚಲೋ ಐತಿ ಸರ್. ನುಣ್ಣನ ಕಲ್ಲಾದ್ರ ಬಹಳ ಸಲ ತಾನ ಜಾರಿ ಹೋಗತೈತಿ. ಎಕ್ಸ್‌ರೇ ತಗಸೋಣು, ಅಲ್ಲಿ ಪಾಳಿ ಐತಿ, ಕುಂದರ್ರಿ.”

ಪಾಳಿ ಬಾಗಿಲಿನಾಚೆಗೂ ಬೆಳೆದಿತ್ತು. ಮಗು ಅತ್ತು ಅತ್ತು ಅಪ್ಪನ ಹೆಗಲಿಗೆ ತಲೆಯಾನಿಸಿತು. ಎಲ್ಲ ದೇವರನ್ನೂ ಬೇಕಾದರೆ ತಗೊಂಡು ಹೋಗಲಿ, ಇವನೊಬ್ಬನನ್ನು ಬಿಡಲಿ ಎಂದು ಪ್ರಾಣೇಶ ಮನಸ್ಸಿನಲ್ಲೇ ಬೇಡಿಕೊಂಡ. ದೂರದಲ್ಲಿ ನಿಂತ ಗಂಗಾಬಾಯಿ ಮೊಮ್ಮಗನಿಗಾಗಿ ಜಪಕ್ಕೆ ತೊಡಗಿದರು. ಅವರ ಬೆರಳಲ್ಲಿ ಉಂಗುರದಂಥ ಎಣಿಕೆಯ ಯಂತ್ರವಿತ್ತು. ನಾಮಕ್ಕೊಮ್ಮೆ ಗುಂಡಿ ಒತ್ತಿದರೆ ಅದೇ ಎಣಿಸುತ್ತಿತ್ತು. ಸ್ನಾನಕ್ಕೆ ಹೋಗುವಾಗ ಕಿಟಕಿಯಲ್ಲಿ ಬಿಚ್ಚಿಟ್ಟು, ಬಂದು ನೋಡದೆ ಹಾಕಿಕೊಂಡಿದ್ದರು.

ಒತ್ತಿದರು. ಅಂಕಿ ಮೂಡಲಿಲ್ಲ. ತಿರುಗಿಸಿ ನೋಡಿದರು. ಹಿಂದಿನ ಮುಚ್ಚಳವಿರಲಿಲ್ಲ.

ತಾಯಿಯ ಮುಖ ಅಷ್ಟು ಬಿಳಿಚಿದ್ದನ್ನು ಪ್ರಾಣೇಶ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಯಾರನ್ನೂ ಹತ್ತಿರ ಬಿಡದ ಗಂಗಾಬಾಯಿ ಪಾಳಿಯ ಜನರನ್ನು ಎರಡೂ ಕೈಯಿಂದ ಸರಿಸಿ, ಇನ್ನೊಬ್ಬ ರೋಗಿಯನ್ನು ನೋಡುತ್ತಿದ್ದ ಮೇಘಾಳ ಕೈ ಹಿಡಿದೆಳೆದರು.

“ಕಲ್ಲಲ್ಲವ್ವ, ಇದರೊಳಗಿನ ಗುಂಡನ ಸೆಲ್ಲು. ಮುಚ್ಚಳದ ಸ್ಕ್ರೂ ಕಳದಿತ್ತು, ನಾನ ಗೋಪಿಚಂದನ ಕಲಸಿ ಅಂಟಿಸಿದ್ದೆ. ಒಣಗಿ ಉದುರ್‍ಯದ.”

ಮೇಘಾಳ ಮುಖದ ನಗು ಮಾಯವಾಯಿತು. “ಹಂಗಾದ್ರ ಕಾಯಾಕ ಟೈಮಿಲ್ಲ ಸರ್. ಅನ್ನನಾಳದಾಗ ಸಿಕ್ಕಿದ್ರ ಒಳಗ ಸುಡತೈತಿ,” ಎಂದು ಮಗುವನ್ನು ತಾನೇ ಎತ್ತಿಕೊಂಡು ಓಡಿದಳು.

ಎಕ್ಸ್‌ರೇಯಲ್ಲಿ ನೋಡಿದರೆ ಸೆಲ್ಲು ಅನ್ನನಾಳದಲ್ಲೇ ಸಿಕ್ಕಿಕೊಂಡಿತ್ತು. ಮಗುವಿಗೆ ಮಂಪರು ಕೊಟ್ಟು, ಬಾಯಿಂದ ಕೊಳವೆ ಇಳಿಸಿ ತೆಗೆದರು. ಹೊರಬಂದ ಮೇಘಾ, “ಒಂಚೂರು ಸುಟ್ಟೈತಿ, ಮಾಯ್ತೈತಿ. ಪಾಳಿ ಕಾದಿದ್ರ ತೂತು ಬೀಳ್ತಿತ್ತು,” ಎಂದಳು. ಸಾವಿರ ಚಪ್ಪಲಿ ಓಡಾಡಿದ ನೆಲದ ಮೇಲೆ ಗಂಗಾಬಾಯಿ ಕುಸಿದು ಕೂತು ಅತ್ತರು.

ಬಟ್ಟೆ ತರಲು ಮನೆಗೆ ಹೋದ ಪ್ರಾಣೇಶನಿಗೆ ಏನೋ ಹೊಳೆಯಿತು. ನಿನ್ನೆಯ ಪೂಜೆಯ ಹೂವು ತುಳಸಿಯನ್ನು ತಾನೇ ಬಾಚಿ ಹಿತ್ತಲ ಗಿಡದ ಬುಡಕ್ಕೆ ಸುರಿದಿದ್ದ. ಕೆದರಿದ. ಬಾಡಿದ ತುಳಸಿದಳಕ್ಕೆ ಗಂಧದಲ್ಲಿ ಮೆತ್ತಿಕೊಂಡು ಸಾಲಿಗ್ರಾಮ ಆರಾಮಾಗಿ ಕೂತಿತ್ತು.

ಆಸ್ಪತ್ರೆಗೆ ಬಂದು ತಾಯಿಯ ಕಿವಿಯಲ್ಲಿ ಹೇಳಿದ. ಗಂಗಾಬಾಯಿಯ ಮುಖಕ್ಕೆ ತುಸು ಕಳೆ ಬಂತು.

“ನಿನ್ನ ತುಳಸಿ ಮಾತು ನಾ ಎತ್ತೂದಿಲ್ಲ, ನನ್ನ ಗೋಪಿಚಂದನದ್ದು ನೀ ಎತ್ತಬ್ಯಾಡ.”

“ಆತಮ್ಮ.”

ಸುದ್ದಿ ತಿಳಿದು ಸಿರುಗುಪ್ಪದಿಂದ ಓಡಿಬಂದ ಶ್ರೀವಲ್ಲಿ, ಮಲಗಿದ್ದ ಮಗುವನ್ನು ಮೈಯೆಲ್ಲ ಸವರಿ ನೋಡಿದಳು. “ಸೆಲ್ ಅಂತ ಗೊತ್ತಾದದ್ದು ಯಾರಿಗೆ?”

“ನಿಮ್ಮ ಅತ್ತಿಯವರಿಗೆ. ಅವರು ಬಂದು ಹೇಳಿದ್ದಕ್ಕ ಹುಡುಗ ಉಳದ,” ಎಂದಳು ಮೇಘಾ.

ಶ್ರೀವಲ್ಲಿ ಬಿಕ್ಕುತ್ತ ಅತ್ತೆಯ ಕಾಲಿಗೆ ಬಿದ್ದಳು. ಪ್ರಾಣೇಶ ಗೋಡೆಯ ಕಡೆ ನೋಡಿದ. ಗಂಗಾಬಾಯಿ ಆಶೀರ್ವಾದಕ್ಕೆ ಕೈ ಎತ್ತಿದವರು ಹಾಗೇ ನಿಂತರು. ಕೈ ಕೆಳಗಿಳಿಯಲಿಲ್ಲ. ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

“ಏಳವ್ವ. ಮುಚ್ಚಳಕ್ಕ ಗೋಪಿಚಂದನ ಮೆತ್ತಿ ಕೂಸಿನ ಕೈಗೆ ಸಿಗೂಹಂಗ ಇಟ್ಟಾಕಿ ನಾನು. ಬೈಯೂದಿದ್ರ ಬೈದುಬಿಡು.” ಕಣ್ಣೊರೆಸಿಕೊಂಡು ಮಗನ ಕಡೆ ಕೈ ತೋರಿಸಿದರು. “ನನ್ನದು ಮುಗೀತು. ಇನ್ನ ದೇವರನ್ನ ಎಲ್ಲಿ ಒಗದಿದ್ದ ಅಂತ ನಿನ್ನ ಗಂಡನ್ನ ಕೇಳು.”