ಸೋಮವಾರದ ಪಾಠ

ಟಿಬೆಟ್ಟಿನವರು ನಮ್ಮ ಮುಂಡಗೋಡ ಸೀಮೆಗೆ ಬಂದ ಮರುವರ್ಷ, ಅವರು ಕಾಡು ಕಡಿದ ಜಾಗದಲ್ಲಿ ಮಕ್ಕಳಿಗೊಂದು ಶಾಲೆ ಆಯಿತು. ಶಾಲೆ ಅಂದರೆ ನಾಲ್ಕು ಕಡೆ ಬಿದಿರಿನ ತಟ್ಟಿ, ಮೇಲೆ ತಗಡು. ಅವರ ಕ್ಯಾಂಪಿಗೆ ನೀರಿನ ಪೀಪಾಯಿ ಒಯ್ಯುವ ಕೆಲಸ ನನ್ನ ಎತ್ತಿನ ಚಕ್ಕಡಿಯದು. ಹಾಗಾಗಿ ಅಲ್ಲಿನ ಮಾಸ್ತರರ ಗುರುತು ಊರಲ್ಲಿ ಎಲ್ಲರಿಗಿಂತ ಮೊದಲು ನನಗೆ ಆಯಿತು.

ಅವರ ಹೆಸರು ರಬ್‌ಗ್ಯೆ. ಊರವರ ನಾಲಗೆಗೆ ಅದು ಒಗ್ಗಲಿಲ್ಲ, ಲಾಮಾ ಮಾಸ್ತರ ಅಂದರು. ಅವರು ಲಾಮಾ ಅಲ್ಲ, ಸಂಸಾರಿ. ಹೆಂಡತಿ ಗಡಿ ದಾಟುವಾಗ ಹಿಮದಲ್ಲಿ ಉಳಿದಳಂತೆ. ಈಗ ಅವರಿಗೆ ಅಂತ ಇದ್ದದ್ದು ಅಣ್ಣನ ಮಗಳು ಡೋಲ್ಕರ್ ಒಬ್ಬಳೇ. ಎಂಟು ವರ್ಷದ ಹುಡುಗಿ, ಅವರ ಶಾಲೆಯಲ್ಲೇ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು.

ಶಾಲೆಯ ಮೊದಲ ವರ್ಷ ಒಂದು ಸೋಮವಾರ ಬೆಳಿಗ್ಗೆ ಮಾಸ್ತರರು ನಮ್ಮ ಮನೆಗೆ ಬಂದರು. ಮಳೆ ಹತ್ತಿರ ಬಂದಿದೆ, ಶಾಲೆಗೆ ಬಿದಿರು ತರಬೇಕು, ಚಕ್ಕಡಿ ಹೂಡಿ ಎಂದು ಹಿಂದಿಯಲ್ಲಿ ಅರ್ಧ, ಕೈಸನ್ನೆಯಲ್ಲಿ ಅರ್ಧ ಕೇಳಿದರು. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಬಿಡುತ್ತೇವೆ. ಇದನ್ನು ಮೆತ್ತಗೆ ಹೇಳಬಹುದಿತ್ತು. ನಮ್ಮ ಮನೆಯೆದುರಿನ ಕಟ್ಟೆಯ ಮೇಲೆ ಊರಿನ ಮುದಕಪ್ಪ ಮತ್ತು ನಾಲ್ಕು ಮಂದಿ ಕೂತಿದ್ದರು. ಅವರ ಮುಂದೆ ನನ್ನ ಧ್ವನಿ ದೊಡ್ಡದಾಯಿತು. ಈ ನೆಲದಲ್ಲಿ ಇರುವುದಾದರೆ ಈ ನೆಲದ ನಡೆ ಕಲಿಯಬೇಕು, ಸೋಮವಾರ ನನ್ನ ಬಾಗಿಲಿಗೆ ಬರಬೇಡಿ ಅಂದೆ.

"ಹೋಗ್ಲಿ ಬಿಡೋ ಅಂದಾನೆಪ್ಪ," ಅಂದ ಮುದಕಪ್ಪ ನನ್ನ ಹೆಸರು ಹಿಡಿದು, "ಹಿಮದಾಗ ಇದ್ದಾವ್ರಿಗೆ ಏಳೂ ದಿನಾ ಒಂದ ಇರ್ತಾವ."

ಕಟ್ಟೆ ನಕ್ಕಿತು. ಮಾಸ್ತರರಿಗೆ ಮಾತು ತಿಳಿಯಲಿಲ್ಲ, ನಗು ತಿಳಿಯಿತು. ಎರಡೂ ಕೈ ಜೋಡಿಸಿ ಹೊರಟರು. ಮರುದಿನ ಒಂದು ವಹಿ ಹಿಡಿದು ಬಂದು ವಾರದ ಹೆಸರುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡರು. ಯಾವ ದಿನ ಏನು ಮಾಡಬಾರದು, ಯಾರ ಮನೆಯೊಳಗೆ ಎಲ್ಲಿಯ ತನಕ ಹೋಗಬಹುದು, ಚಪ್ಪಲಿ ಎಲ್ಲಿ ಬಿಡಬೇಕು, ಎಲ್ಲ ಕೇಳಿದರು. ತಮ್ಮಲ್ಲೂ ಹೀಗೆ ಕೆಲವು ದಿನಗಳಿವೆ, ತಪ್ಪಿದರೆ ಹಿರಿಯರು ಹೊಡೆಯುತ್ತಿದ್ದರು ಅಂತ ಹೇಳಿ ನಕ್ಕರು.

ಅವರು ಅದನ್ನು ಮಕ್ಕಳಿಗೆ ಪಾಠ ಮಾಡಿದ್ದಾರೆಂದು ನನಗೆ ಗೊತ್ತಾದದ್ದು ನೀರು ಹಾಕಲು ಹೋದಾಗ. ಮಕ್ಕಳು ಗೋಣಿಚೀಲದ ಮೇಲೆ ಕೂತು, ಕರಿ ಹಲಗೆಗೆ ಸುಣ್ಣದ ಪುಡಿ ಉದುರಿಸಿ, ಬಿದಿರು ಕಡ್ಡಿಯಲ್ಲಿ ತಮ್ಮ ಅಕ್ಷರ ಗೀರುತ್ತಿದ್ದರು. ಅದು ಮುಗಿದ ಮೇಲೆ ಎದ್ದು ನಿಂತು ನಮ್ಮ ಮಾತಿನಲ್ಲಿ ಒಟ್ಟಿಗೆ ಹೇಳುತ್ತಿದ್ದರು: ರವಿವಾರ ಶಾಲೆಗೆ ಸೂಟಿ, ಸೋಮವಾರ ಎತ್ತಿಗೆ ಸೂಟಿ. ಡೋಲ್ಕರಳ ದನಿ ಎಲ್ಲರಿಗಿಂತ ಮೇಲೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ನನ್ನ ಮಾತು ಪಾಠವಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಆ ಹುಡುಗಿ ಪೀಪಾಯಿಯ ಮೇಲೆ ಹತ್ತಿ ಕೂತು ನಮ್ಮ ಮನೆ ತನಕ ಬರುತ್ತಿದ್ದಳು. ನನ್ನ ಹೆಂಡತಿ ಗುರುಸಿದ್ದವ್ವ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟರೆ, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ತಿಂದು ಇನ್ನೊಂದು ಕೇಳುತ್ತಿದ್ದಳು.

ಎರಡನೆಯ ವರ್ಷದ ಶ್ರಾವಣ. ನಾಲ್ಕು ದಿನ ಬಿಡದೆ ಮಳೆ. ಸೋಮವಾರ ಬೆಳಿಗ್ಗೆ ನಾನು ಅಂಗಳದ ಚಪ್ಪರದ ಕೆಳಗೆ ಒಂದು ಎತ್ತಿಗೆ ವಿಭೂತಿ ಹಚ್ಚಿ, ಇನ್ನೊಂದರ ಮೈ ತಿಕ್ಕುತ್ತಿದ್ದೆ. ಮಾಸ್ತರರು ಬೆನ್ನ ಮೇಲೆ ಕಂಬಳಿಯ ದೊಡ್ಡ ಗಂಟು ಹೊತ್ತು, ಬಾಗಿ, ಹಾದಿಯಲ್ಲಿ ಹೋಗುತ್ತಿದ್ದರು. ಎಲ್ಲಿಗೆ ಅಂತ ಕೇಳಿದೆ. ಮುಂಡಗೋಡಕ್ಕೆ ಅಂದರು. ಒಂದು ಗಳಿಗೆ ನಿಂತರು. ನನ್ನನ್ನು ನೋಡಿದರು, ವಿಭೂತಿ ಹಚ್ಚಿದ ಎತ್ತನ್ನು ನೋಡಿದರು. ಆಮೇಲೆ ಹೋದರು. ಅವರ ಜನ ಹೆಣೆಯುವ ಸ್ವೆಟರಿನ ಗಂಟು ಮಾರಲು ಒಯ್ಯುತ್ತಿದ್ದಾರೆ ಅಂದುಕೊಂಡೆ ನಾನು.

ಗಂಟಿನಲ್ಲಿ ಡೋಲ್ಕರ್ ಇದ್ದಳು. ಮೂರು ದಿನದ ಜ್ವರ. ಕ್ಯಾಂಪಿನ ಲಾರಿ ಹುಬ್ಬಳ್ಳಿಗೆ ಹೋಗಿ ಮಳೆಗೆ ಅಲ್ಲೇ ಸಿಕ್ಕಿಬಿದ್ದಿತ್ತು. ನಮ್ಮೂರಾಚೆ ಮುಂಡಗೋಡದ ಹಾದಿಯ ಹಳ್ಳದಲ್ಲಿ ಎದೆ ಮಟ್ಟ ನೀರು. ನನ್ನ ಎತ್ತುಗಳಾದರೆ ಚಕ್ಕಡಿ ಎಳೆದುಕೊಂಡು ದಾಟುತ್ತಿದ್ದವು. ಬೆನ್ನಲ್ಲಿ ಕೂಸು ಹೊತ್ತ ಒಬ್ಬ ಮನುಷ್ಯ ದಾಟುವಂತಿರಲಿಲ್ಲ. ಮಾಸ್ತರರು ಎರಡು ಮೈಲಿ ಸುತ್ತು ಹಾಕಿ, ಮೇಲಿನ ಹಾದಿಯಿಂದ ಹೋದರು. ದವಾಖಾನೆಯ ಮೆಟ್ಟಿಲ ಮೇಲೆ ಕಂಬಳಿ ಬಿಚ್ಚಿದಾಗ ಹುಡುಗಿ ತಣ್ಣಗಾಗಿದ್ದಳು. ಈಗಷ್ಟೇ ಜೀವ ಹೋಗಿದೆ ಎಂದರಂತೆ ಅಲ್ಲಿದ್ದವರು.

ಸಂಜೆ ಸುದ್ದಿ ತಂದವನು ಮುದಕಪ್ಪ. ಹೇಳಿ, ಕಟ್ಟೆಯ ಮೇಲೂ ಕೂರದೆ ಹೋದ.

ಮರುದಿನ ನೀರು ಹಾಕುವ ನೆವದಿಂದ ಹೋದೆ. ಮಾಸ್ತರರು ಪಾಠ ಮಾಡುತ್ತಿದ್ದರು. ಮುಂದಿನ ಸಾಲಿನಲ್ಲಿ ಒಂದು ಗೋಣಿಚೀಲ ಬರಿದಾಗಿತ್ತು. ಶಾಲೆ ಬಿಟ್ಟ ಮೇಲೆ ಅವರೇ ಹೊರಗೆ ಬಂದು ಪೀಪಾಯಿ ಇಳಿಸಲು ಕೈ ಹಚ್ಚಿದರು.

"ನನ್ನ ಅಂಗಳದ ಮುಂದ ನಿಂತಿದ್ರಿ," ಅಂದೆ. "ಒಂದ ಮಾತ ಕೇಳಲಿಲ್ಲ ಯಾಕ್ರಿ ಮಾಸ್ತರ?"

"ಸೋಮವಾರ ಇತ್ತಲ್ರಿ ಅಣ್ಣಾವ್ರ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಜೀವ ಹೋಗೂ ಹೊತ್ತಿಗೆ ಸೋಮವಾರ ಏನು, ಮಂಗಳವಾರ ಏನ್ರಿ?"

ಮಾಸ್ತರರು ಪೀಪಾಯಿಯನ್ನು ನೆಲಕ್ಕಿಟ್ಟರು. "ಅದನ್ನ ನೀವು ಹೇಳಿದ್ದಿಲ್ರಿ," ಅಂದರು. "ಹೇಳಿದ್ರ ಅದನ್ನೂ ಬರಕೊಂತಿದ್ದೆ."

ಮನೆಯಲ್ಲಿ ಊಟಕ್ಕೆ ಬಡಿಸುತ್ತ ಗುರುಸಿದ್ದವ್ವ ಕೇಳಿದಳು, "ಅವ್ರು ಕೇಳಿದ್ರ ನೀವು ಹೂಡ್ತಿದ್ರೇನು?" ಹೂಡುತ್ತಿದ್ದೆ ಅನ್ನಲು ಬಾಯಿ ತೆರೆದೆ. ಕಟ್ಟೆ ಕಣ್ಣ ಮುಂದೆ ಬಂತು. ರೊಟ್ಟಿ ಮುರಿದೆ, ತಿನ್ನಲಿಲ್ಲ.

ಮುಂದಿನ ಸೋಮವಾರ ಎತ್ತುಗಳಿಗೆ ವಿಭೂತಿ ಹಚ್ಚಿ, ನೊಗಕ್ಕೆ ತಂದು ನಿಲ್ಲಿಸಿದೆ. ಹಟ್ಟಿಯಲ್ಲೇ ಹುಟ್ಟಿ ಬೆಳೆದವು, ಅವಕ್ಕೂ ದಿನ ಗೊತ್ತು. ಬಲಗಡೆಯದು ಕೊರಳು ತಿರುವಿ ನನ್ನನ್ನು ನೋಡಿತು. ಕಟ್ಟೆಯ ಮೇಲಿದ್ದವರು ನೋಡುತ್ತಿದ್ದಂತೆ ಹೂಡಿಕೊಂಡು ಹೊರಟೆ. ಶಾಲೆಯ ಮುಂದೆ ಚಕ್ಕಡಿ ನಿಲ್ಲಿಸಿ ಕೂತೆ. ಯಾರಾದರೂ ಬಂದು ಹತ್ತಲಿ, ಎಲ್ಲಿಗಾದರೂ ಒಯ್ಯಿ ಅನ್ನಲಿ ಅಂತ ಇತ್ತು ಮನಸ್ಸಿನಲ್ಲಿ.

ಮಕ್ಕಳು ಬಂದರು. ಎಂದಿನಂತೆ ಓಡಿ ಬಂದು ಹತ್ತಲಿಲ್ಲ. ದೂರ ನಿಂತು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಡೋಲ್ಕರಳ ಮಗ್ಗುಲಲ್ಲಿ ಕೂರುತ್ತಿದ್ದ ಸಣ್ಣ ಹುಡುಗಿ ಹತ್ತಿರ ಬಂದು, ತಪ್ಪು ಮಾಡಿದ ಮಗುವಿಗೆ ಹೇಳುವ ಹಾಗೆ ನನಗೆ ಹೇಳಿದಳು, "ಅಜ್ಜಾ, ಇವತ್ತ ಎತ್ತಿಗೆ ಸೂಟಿ."

ದೊಡ್ಡ ಹುಡುಗಿಯರಿಬ್ಬರು ಕೊರಳ ಹಗ್ಗ ಬಿಚ್ಚಿ ಎತ್ತುಗಳನ್ನು ನೊಗದಿಂದ ಆಚೆ ತಂದರು, ಹಣೆ ಮುಟ್ಟಿ, ಒಂದೊಂದು ಹಿಡಿ ಹುಲ್ಲು ಹಾಕಿದರು. ಮಾಸ್ತರರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ತಡೆಯಲಿಲ್ಲ. ಗಂಟೆ ಹೊಡೆಯಿತು. ಎಲ್ಲರೂ ಒಳಗೆ ಹೋದರು.

ನಾನು ಚಕ್ಕಡಿಯನ್ನು ಅಲ್ಲೇ ಬಿಟ್ಟು, ಎತ್ತುಗಳ ಹಗ್ಗ ಹಿಡಿದು ನಡೆದುಕೊಂಡು ಊರಿಗೆ ಬಂದೆ. ಮನೆಯ ಮುಂದೆ ನಿಲ್ಲದೆ, ಮುಂಡಗೋಡದ ಹಾದಿ ಹಿಡಿದು ಹೋಗಿ ಹಳ್ಳದೊಳಗೆ ಕಾಲಿಟ್ಟೆ. ಹಳ್ಳ ಇಳಿದಿತ್ತು. ನೀರು ಮೊಣಕಾಲಿಗೂ ಬರಲಿಲ್ಲ.