ಆರರಲ್ಲಿ ಒಂದು ಪಾಲು ಬೋರಕ್ಕ

ಕುರಿಮಂದೆ ರಸ್ತೆ ದಾಟಿಸುವಾಗ ಲಾರಿ ಬಡಿದು ಸೊಂಟದ ಮೂಳೆ ಮುರಿದ ಮೇಲೆ ಮಾಡದಕೆರೆ ಹತ್ತಿರದ ಹಟ್ಟಿಯ ಬೋರಕ್ಕ ಗೋಡೆ ಹಿಡಿಯದೆ ಎದ್ದು ನಿಂತವಳಲ್ಲ. ಮೂಳೆ ಕೂಡಿತು, ಕಾಲಿಗೆ ಕಸುವು ಬರಲಿಲ್ಲ. ಗಂಡ ಕಾಟಲಿಂಗಪ್ಪ ಕುರಿ ಹೊಡೆದುಕೊಂಡು ಹೋದರೆ, ಹಿತ್ತಲಿಗೆ ಹೋಗಲೂ ಮಗಳು ಕೀರ್ತನಾಳ ಹೆಗಲು ಬೇಕು. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿದ್ದ ಹೆಂಗಸು. ಈಗ ಆ ಸಿಟ್ಟು ಹೊರಗೆ ಹೋಗಲು ದಾರಿಯಿಲ್ಲದೆ ನಡುಮನೆಯಲ್ಲೇ ಕುದಿಯುತ್ತಿತ್ತು.

ಇಂಥವಳನ್ನು ಹುಡುಕಿಕೊಂಡು ಡಾಕ್ಟರ್ ಬಿಂದು ಬಂದಳು. ಹಿರಿಯೂರಿನ ಹೊರಗೆ ಹೆದ್ದಾರಿ ಪಕ್ಕ ದುರ್ಗದ ಗುರುರಾಜ್ ಎಂಬಾತ ದೊಡ್ಡದೊಂದು ಶೆಡ್ ಕಟ್ಟಿಸಿದ್ದ. ಚಂದ್ರನ ಮೇಲೆ ಮನುಷ್ಯನ ಭಾರ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದಂತೆ. ಅಲ್ಲಿ ಓಡಾಡುವುದು ಹೇಗಿರುತ್ತದೆಂದು ನೆಲದ ಮೇಲೇ ತೋರಿಸುವ ಯಂತ್ರ ಆ ಶೆಡ್ಡಿನಲ್ಲಿತ್ತು. ಸೂರಿನುದ್ದಕ್ಕೂ ಒಂದು ಕಂಬಿ, ಅದರ ಮೇಲೆ ಓಡುವ ರಾಟೆ, ರಾಟೆಯಿಂದ ಇಳಿಬಿದ್ದ ಹಗ್ಗ, ಹಗ್ಗದ ತುದಿಗೆ ಸೊಂಟ ತೊಡೆ ಸುತ್ತುವ ಪಟ್ಟಿ. ಇನ್ನೊಂದು ತುದಿಗೆ ನೇತುಹಾಕಿದ ತೂಕಗಳು ಮೈಯ ಭಾರವನ್ನು ಎತ್ತಿ ಹಿಡಿಯುತ್ತಿದ್ದವು. ತಿಂಗಳುಗಟ್ಟಲೆ ಆಕಾಶದಲ್ಲಿದ್ದು ಕಾಲು ಸೋತವರು ಚಂದ್ರನ ಮೇಲೆ ಇಳಿದರೆ ಹೇಗೆ ಹೆಜ್ಜೆ ಇಟ್ಟಾರು ಎಂಬುದು ಬಿಂದುವಿನ ಸಂಶೋಧನೆ. ಅದಕ್ಕೆ ಕಾಲು ಸೋತವರೇ ಬೇಕಾಗಿತ್ತು.

ಬೋರಕ್ಕ ಮೊದಲು ಬೈದು ಕಳಿಸಿದಳು. ಬಿಂದು ಮತ್ತೆ ಬಂದಳು. ನೀವು ನಿಮ್ಮ ಕಾಲ ಮೇಲೆ ನಡೆಯುವ ತನಕ ನಾನು ಬಿಡುವುದಿಲ್ಲ ಅಂದಳು. ಆ ಮಾತಿಗೆ ಬೋರಕ್ಕ ಸೋತಳು.

ಪಟ್ಟಿ ಬಿಗಿದು ಹಗ್ಗ ಎಳೆದಾಗ ಅವಳಿಗೆ ಜೀವವೇ ಹಾರಿದಂತಾಯಿತು. ಅಂಗಾಲು ಚಂದ್ರನ ಮಣ್ಣಿನಂತೆ ನೆಲಕ್ಕೆ ಹಾಸಿದ್ದ ಕಲ್ಲುಪುಡಿಯನ್ನು ಸೋಕಿದ್ದಷ್ಟೇ ಗೊತ್ತು. ಬಲಗಾಲು ಎತ್ತಿದಳು, ಅದು ಎದ್ದಿತು. ಎಡಗಾಲೂ ಎದ್ದಿತು. ತೇಲಿದ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಶೆಡ್ಡಿನ ಆ ಕೊನೆಯ ಗೋಡೆಯವರೆಗೆ ಹೋಗಿ, ಗೋಡೆಗೆ ಕೈ ಹಚ್ಚಿ, ಹಿಂದಕ್ಕೆ ತಿರುಗಿ ನಕ್ಕಳು. ಅವ್ವ ನಗುವುದನ್ನು ಕಂಡು ಎಷ್ಟು ಕಾಲವಾಗಿತ್ತೋ, ಕೀರ್ತನಾ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಅಲ್ಲಿಂದಾಚೆಗೆ ವಾರವಾರ ಜೀಪು ಬರುತ್ತಿತ್ತು. ಬಿಂದು ಸ್ವಲ್ಪಸ್ವಲ್ಪವೇ ತೂಕ ಇಳಿಸಿ, ಅವಳ ಭಾರವನ್ನು ಅವಳ ಕಾಲಿಗೇ ಮರಳಿಸುತ್ತ ಬಂದಳು. ಬೇಸಿಗೆ ಕಳೆಯುವಷ್ಟರಲ್ಲಿ ಬೋರಕ್ಕ ಕೋಲೂರಿಕೊಂಡು ಒಬ್ಬಳೇ ಹಿತ್ತಲಿಗೆ ಹೋಗಿ ಬರುವಂತಾದಳು. ಅವಳು ನಡೆಯುವುದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರು. ಹೆಜ್ಜೆಯ ಲೆಕ್ಕಕ್ಕೆ ಮಾತ್ರ ಎಂದು ಬಿಂದು ಹೇಳಿದ್ದಳು.

ಒಂದು ವಾರ ಜೀಪು ಬರಲಿಲ್ಲ. ಮರುವಾರವೂ ಇಲ್ಲ. ಕೀರ್ತನಾ ಶೆಡ್ಡಿನವರಿಗೆ ಫೋನ್ ಮಾಡಿದರೆ, ಸಂಶೋಧನೆ ಮುಗಿಯಿತು, ಶೆಡ್ಡನ್ನು ಜನರ ಆಟಕ್ಕೆ ತೆರೆಯುತ್ತಿದ್ದಾರೆ ಎಂದರು. ಬಿಂದು ಫೋನ್ ಎತ್ತಲೇ ಇಲ್ಲ. ಆಟಕ್ಕೆ ತೆರೆದರೆ ತೆರೆಯಲಿ, ನಾವೂ ಜನರೇ ಅಲ್ಲವೇ ಎಂದು ಬೋರಕ್ಕ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಬಾಗಿಲಲ್ಲೇ ಎತ್ತರದ ಪರದೆ. ಅದರ ಮೇಲೆ ಬೋರಕ್ಕ ನಡೆಯುತ್ತಿದ್ದಳು. ಅದೇ ಕಲ್ಲುಪುಡಿ, ಅದೇ ಗೋಡೆ, ಹಿಂದಕ್ಕೆ ತಿರುಗಿ ನಕ್ಕ ಅದೇ ಮುಖ, ಮೇಲೆ ಅಳು ಬರಿಸುವಂಥ ಸಂಗೀತ. ಚಂದ್ರ ಎಲ್ಲರನ್ನೂ ನಡೆಸುತ್ತಾನೆ ಎಂದು ಅಕ್ಷರ ಮೂಡಿ ಮರೆಯಾಗುತ್ತಿತ್ತು. ಪರದೆಯ ಕೆಳಗೆ ಒಂದು ಬೋರ್ಡು. ಕೀರ್ತನಾ ಅದನ್ನು ಓದಿ ಅವ್ವನ ಕೈ ಹಿಡಿದು ಹಿಂದಕ್ಕೆಳೆದಳು. ಏನೆಂದು ಬೋರಕ್ಕ ಕೇಳಿದ್ದಕ್ಕೆ, ಮೂಳೆ ಮುರಿದವರಿಗೆ, ಕಾಲಿನಲ್ಲಿ ಬಲವಿಲ್ಲದವರಿಗೆ ಪ್ರವೇಶವಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದಳು.

ಬೋರಕ್ಕ ಮಗಳ ಕೈ ಕೊಡವಿದಳು. ಕೋಲೂರುತ್ತ ಸಾಲನ್ನು ದಾಟಿ ಒಳಗೆ ನಡೆದಳು. ತಡೆಯಲು ಬಂದವರು ಅವಳ ಮುಖ ನೋಡಿ ಹಿಂದೆ ಸರಿದರು. ಪಟ್ಟಿ ಕಟ್ಟುವ ಜಾಗಕ್ಕೆ ಹೋಗಿ ಇಳಿಬಿದ್ದ ಹಗ್ಗವನ್ನು ಎರಡೂ ಕೈಯಿಂದ ಹಿಡಿದು ನಿಂತುಬಿಟ್ಟಳು. ಆಟ ನಿಂತಿತು. ದುಡ್ಡು ಕೊಟ್ಟು ಬಂದವರು ಗೊಣಗಿದರು. ಹೊಳಲ್ಕೆರೆಯಿಂದ ಬಂದಿದ್ದ ಹೆಂಗಸೊಬ್ಬಳು ಮಾತ್ರ ಪರದೆಯನ್ನೊಮ್ಮೆ, ಇವಳನ್ನೊಮ್ಮೆ ನೋಡಿ, ಇವರೇ ಅವರು ಎಂದಳು. ಗೊಣಗಾಟ ತಗ್ಗಿತು.

ಗುರುರಾಜ್ ಬಂದ. ನಗುನಗುತ್ತಲೇ ಕೈಮುಗಿದು, ಅಮ್ಮ ಬಂದದ್ದು ಭಾಗ್ಯ, ವೇದಿಕೆ ಹತ್ತಿಸಿ ಶಾಲು ಹೊದಿಸುತ್ತೇವೆ ಎಂದ.

"ಶಾಲು ಬ್ಯಾಡ, ಮನೇಲಿ ಕಂಬಳಿ ಐತೆ. ನನಗೆ ಪಟ್ಟಿ ಕಟ್ರಿ," ಅಂದಳು ಬೋರಕ್ಕ.

"ಅದೊಂದು ಆಗಲ್ಲಮ್ಮ. ನೀವು ಬಿದ್ದು ಗಿದ್ದು ಏನಾದ್ರೂ ಆದ್ರೆ ನಾವು ಉತ್ತರ ಹೇಳಬೇಕಾಗುತ್ತೆ."

"ಬೀಳೋ ಕಾಲು ಬೇಕು ಅಂತ ನಮ್ಮ ಹಟ್ಟಿಗೆ ಬಂದು ಕರ್ಕಂಡು ಬಂದೋರು ನೀವು. ಆಗ ಯಾರಿಗೆ ಉತ್ತರ ಹೇಳ್ತಿದ್ರಿ? ಅಲ್ಲಿ ನಡೀತಿರೋ ಕಾಲು ನನ್ನವು. ಇಲ್ಲ ನನ್ನ ನಡಸ್ರಿ, ಇಲ್ಲ ಅದನ್ನ ಇಳಸ್ರಿ. ಎರಡರಾಗೆ ಒಂದು ಆಗೋಗಂಟ ಈ ಹಗ್ಗ ಬಿಡಾಕಿಲ್ಲ."

ಕಂಬದ ಪಕ್ಕ ಬಿಂದು ನಿಂತಿದ್ದಳು. ಬೋರಕ್ಕ ಅವಳನ್ನೇ ನೋಡಿದಳು. ಈಗ ಮಾತಾಡುತ್ತಾಳೆ, ಈಗ ಮುಂದೆ ಬರುತ್ತಾಳೆ ಎಂದು ಕಾದಳು. ಬಿಂದು ತಲೆ ಎತ್ತಲಿಲ್ಲ. ಗುರುರಾಜನ ಮೇಲಿನ ಸಿಟ್ಟು ಬೆಂಕಿಯಂಥದ್ದು, ಉರಿದು ಆರುವಂಥದ್ದು. ಬಿಂದುವಿನ ಮೇಲೆ ಹುಟ್ಟಿದ್ದು ಬೇರೆ. ಅದು ಎದೆಯ ಮೇಲೆ ಗುಂಡುಕಲ್ಲಿನಂತೆ ಕೂತಿತು.

ಜನ ಮೊಬೈಲು ಎತ್ತಿ ಹಿಡಿಯತೊಡಗಿದ ಮೇಲೆ ಗುರುರಾಜನ ನಗು ಮಾಸಿತು. ಯಾರಿಗೋ ಸನ್ನೆ ಮಾಡಿದ. ಪರದೆ ಕಪ್ಪಾಯಿತು. ಬೋರಕ್ಕ ಹಗ್ಗ ಬಿಟ್ಟು ಕೋಲು ತೆಗೆದುಕೊಂಡಳು. ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಮುಖ ವಾಪಸ್ಸು ಬಂತು, ನಡಿಗೆ ಬರಲಿಲ್ಲ.

ಮಳೆಗಾಲದಲ್ಲಿ ಕಾಲು ಮತ್ತೆ ಸಡಿಲವಾಗತೊಡಗಿತು. ಹೀಗಿರುವಾಗ ಒಂದು ಬೆಳಗ್ಗೆ ಬಿಂದು ಬಸ್ಸಿಳಿದು ಹಟ್ಟಿಗೆ ನಡೆದುಕೊಂಡು ಬಂದಳು. ಹೆಗಲ ಚೀಲದಲ್ಲಿ ಪಟ್ಟಿ, ರಾಟೆ, ತಂತಿಹಗ್ಗ. ಆ ಕೆಲಸ ಬಿಟ್ಟೆ ಎಂದಳು. ಅದನ್ನು ಯಾರು ಕೇಳಿದರು ಎಂದಳು ಬೋರಕ್ಕ. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಕೂರು ಅನ್ನಲಿಲ್ಲ, ನೀರು ಕೊಡಲಿಲ್ಲ. ಬಿಂದು ನಿಂತೇ ಕೇಳಿಸಿಕೊಂಡಳು. ಕಡೆಗೆ ಕಾಟಲಿಂಗಪ್ಪನೇ ಎದ್ದು, ಹಿತ್ತಲಿನ ಹುಣಸೆಮರಕ್ಕೂ ಹೊಂಗೆಮರಕ್ಕೂ ನಡುವೆ ತಂತಿ ಬಿಗಿಯಲು ಕೈಹಚ್ಚಿದ. ತೂಕಕ್ಕೆ ಮರಳು ತುಂಬಿದ ಗೋಣಿಚೀಲಗಳಾದವು.

ಮೊದಲ ಸಲ ತಂತಿ ಜಗ್ಗಿ ಬೋರಕ್ಕ ಮಂಡಿಯೂರಿ ಬಿದ್ದಳು. ಗಂಡನಿಗೂ ಬೈದಳು, ತಂತಿಗೂ ಬೈದಳು. ಮತ್ತೆ ಬಿಗಿದರು. ಈ ಸಲ ಮೈ ಹಗುರಾಯಿತು. ಶೆಡ್ಡಿನಷ್ಟು ನುಣುಪಾಗಿಲ್ಲ, ರಾಟೆ ಕಿರುಗುಟ್ಟುತ್ತಿತ್ತು. ಆದರೂ ಕಾಲು ಎದ್ದಿತು. ಹೊಂಗೆಮರ ಮುಟ್ಟಿ ಅವಳು ಹಿಂದಕ್ಕೆ ತಿರುಗಿದಳು. ನಗಲಿಲ್ಲ.

"ನನ್ನ ಮೇಲೆ ಇನ್ನೂ ಸಿಟ್ಟು ಐತಾ ಬೋರಕ್ಕ?" ಬಿಂದು ಕೇಳಿದಳು.

"ಐತೆ. ಒಂದು ಚೀಲ ಇಳಸು, ಭಾರ ಕಾಲಿಗೆ ಬರ್ಲಿ."

ಬಿಂದು ಹೋಗಿ ಒಂದು ಚೀಲ ಬಿಚ್ಚಿ ಕೆಳಗಿಟ್ಟಳು.