ಪೂಜೆಗಿಟ್ಟ ಸ್ಪ್ಯಾನರು

ಬೋಲ್ಟು ಬಿಚ್ಚಲು ಸ್ಪ್ಯಾನರೇ ಬೇಕಾಗಲಿಲ್ಲ. ಎರಡು ಬೆರಳಲ್ಲಿ ತಿರುಗಿಸಿದ ಕೂಡಲೆ ಅದು ಅಂಜನಪ್ಪನ ಅಂಗೈಗೆ ಬಂದು ಬಿತ್ತು. ಗೋಣಿತಾಟಿನ ಮೇಲೆ ಅಂಗಾತ ಮಲಗಿದ್ದವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಇಂಜಿನ್ ಆಯಿಲ್ ತುಂಬಿರುವ ಚೇಂಬರಿನ ತಳಕ್ಕೆ ಬಿರಡೆಯಂತೆ ಕೂರುವ ಬೋಲ್ಟು ಅದು. ಹಳೇ ಆಯಿಲ್ ಇಳಿಸುವಾಗ ಮಾತ್ರ ಬಿಚ್ಚುವಂಥದ್ದು. ಅದರ ಮೈಸುತ್ತಲಿನ ಸುರುಳಿಗೆರೆ, ಥ್ರೆಡ್ಡು, ಸವೆದು ನುಣ್ಣಗಾಗಿತ್ತು. ಸಂದಿಯಲ್ಲಿ ಸೋಪಿನ ಜಿಡ್ಡು ಹತ್ತಿದ ನೂಲಿನ ಎಳೆಗಳಿದ್ದವು. ತಲೆಯ ಮೇಲೆ ಪೈಪ್ ರೆಂಚಿನ ಹಲ್ಲು ಕಚ್ಚಿದ ಗುರುತಿತ್ತು.

"ಏನಾಗಿದ್ಯಪ್ಪ?" ಎಂದು ಮೇಲಿನಿಂದ ದನಿ ಬಂತು. ವಕೀಲ ವೆಂಕಟೇಶಯ್ಯನವರು ಶೆಡ್ಡಿನ ಸ್ಟೂಲಿನ ಮೇಲೆ ಕೂತಿದ್ದರು. ಕಾರಿನ ಕೆಳಗಿನಿಂದ ಅಂಜನಪ್ಪನಿಗೆ ಅವರ ಪಂಚೆಯ ಅಂಚು, ಧೂಳು ಹಿಡಿದ ಚಪ್ಪಲಿ ಅಷ್ಟೇ ಕಾಣುತ್ತಿತ್ತು. ಕುಣಿಗಲಿನಲ್ಲಿ ಅವರ ಅಣ್ಣನ ವೈಕುಂಠ ಸಮಾರಾಧನೆ ಮುಗಿದು ಎರಡು ದಿನವಾಗಿತ್ತು. ಅಲ್ಲಿಯವರೆಗೂ ಹೆಬ್ಬೂರಿನ ರೈಸ್ ಮಿಲ್ಲಿನ ಅಂಗಳದಲ್ಲಿ ಬಿದ್ದಿದ್ದ ಕಾರನ್ನು ಆವತ್ತು ಬೆಳಿಗ್ಗೆ ಲಾರಿಗೆ ಹಗ್ಗ ಕಟ್ಟಿ ತುಮಕೂರಿನ ಬಟವಾಡಿಯ ಈ ಶೆಡ್ಡಿಗೆ ಎಳೆಸಿಕೊಂಡು ಬಂದಿದ್ದರು.

"ಥ್ರೆಡ್ಡು ಹೋಗಿದೆ ಸ್ವಾಮಿ."

"ಹೋಗದೆ ಇನ್ನೇನು? ಓಡ್ಸೋನಿಗೆ ನಿಗಾ ಇರ್ಬೇಕು. ಹೊರಡೋಕೆ ಮುಂಚೆ ಆಯಿಲ್ ನೋಡ್ದ್ಯೇನೋ ಅಂದ್ರೆ, ನೋಡ್ದೆ ಸ್ವಾಮಿ, ತುಂಬಾ ಇತ್ತು ಅಂತಾನೆ. ತುಂಬಾ ಇದ್ದಿದ್ದು ಹೆಬ್ಬೂರು ದಾಟೋಷ್ಟ್ರಲ್ಲಿ ಎಲ್ಲಿಗೆ ಹೋಯ್ತು? ಇಪ್ಪತ್ತೆರಡು ವರ್ಷ ನಂಬಿದ್ದೆ ಕಣಯ್ಯ ಅವನ್ನ. ಕೆಲ್ಸ ಬಿಡ್ಸಿ ಕಳ್ಸಿಬಿಟ್ಟೆ."

ಅವರು ಹೇಳುತ್ತಿದ್ದುದು ಡ್ರೈವರ್ ದಾಸಯ್ಯನ ವಿಷಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕದ ರೂಢಿ. ಅಂಜನಪ್ಪ ಹೆಗಲು ಮುಟ್ಟಿಕೊಳ್ಳಲಿಲ್ಲ. ಬೋಲ್ಟಿನ ಮೇಲೆ ಬೆರಳು ಮಡಚಿ ಮುಷ್ಟಿ ಕಟ್ಟಿದ. ಕಾರಿನ ಕೆಳಗೆ ಮಲಗಿರುವವನ ಮುಖ ಯಾರಿಗೂ ಕಾಣುವುದಿಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ಇದೊಂದು ಅನುಕೂಲ ಅಂತ ಅವನಿಗೆ ಹೊಳೆದದ್ದು ಆವತ್ತೇ.

ಹದಿನೈದು ದಿನದ ಕೆಳಗೆ, ಆಯುಧ ಪೂಜೆಯ ದಿನ ಬೆಳಿಗ್ಗೆ, ಹಬ್ಬಕ್ಕೆ ಹೊಸ ಆಯಿಲ್ ಬೀಳಲಿ ಅಂತ ದಾಸಯ್ಯ ಕಾರು ತಂದು ಬಿಟ್ಟಿದ್ದ. ಅಂಜನಪ್ಪ ಹಳೇ ಆಯಿಲ್ ಇಳಿಸಿ, ಬೋಲ್ಟನ್ನು ಕೈಯಲ್ಲೇ ಎರಡು ಸುತ್ತು ಕೂರಿಸುವಷ್ಟರಲ್ಲಿ ಹೆಂಡತಿ ರೇವಮ್ಮ ಬಂದು, "ರಾಹುಕಾಲ ಬತ್ತದೆ, ಎದ್ದೇಳಿ ಮ್ಯಾಕೆ" ಅಂತ ಗದರಿದಳು. ಸ್ಪ್ಯಾನರು, ಸುತ್ತಿಗೆ, ಜಾಕು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಮಣೆಯ ಮೇಲೆ ಜೋಡಿಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದದ್ದಾಯಿತು. ಒಮ್ಮೆ ಪೂಜೆಗಿಟ್ಟ ಮೇಲೆ ಮಾರನೆಯ ಬೆಳಿಗ್ಗೆವರೆಗೂ ಅವನ್ನು ಎತ್ತುವ ಹಾಗಿಲ್ಲ. ಅಂಜನಪ್ಪನ ಅಪ್ಪ ಕಮ್ಮಾರ ಯಲ್ಲಯ್ಯ ಚಾಟಿ ಹಿಡಿದಂತೆ ನಡೆಸಿದ ನೇಮ ಅದು. ಅಂಜನಪ್ಪನೂ ಒಂದು ವರ್ಷ ತಪ್ಪಿದವನಲ್ಲ.

ಸಂಜೆ ದಾಸಯ್ಯ ಓಡಿಕೊಂಡು ಬಂದ. "ಅಣ್ಣಾ, ಗಾಡಿ ರೆಡಿ ಮಾಡ್ಕೊಡು. ಕುಣಿಗಲಿಂದ ಟ್ರಂಕ್ ಕಾಲ್ ಬಂದದೆ. ಯಜಮಾನ್ರ ಅಣ್ಣಾರು ಶ್ರೀಕಂಠಯ್ಯನೋರಿಗೆ ಸೀರಿಯಸ್ಸಂತೆ. ಒಂಬತ್ ವರ್ಷ ಮಾತಿಲ್ದೆ ಇದ್ದೋರು, ಈಗ ಅವ್ರೇ ನೋಡ್ಬೇಕು ಅಂತ ಹೇಳ್ಕಳಿಸವ್ರೆ. ಒಂದೇ ಲೈಟು ಉರೀತಿರೋದು, ರಾತ್ರಿ ಹೊತ್ತು ಬ್ಯಾಡ, ಬೆಳಗಿನ ಜಾವ ಐದಕ್ಕೆ ಹೊಂಡಾನ ಅಂದವ್ರೆ."

"ಬೋಲ್ಟ್ ಟೈಟ್ ಮಾಡಿಲ್ಲ ಕಣೋ."

"ಒಂದ್ ನಿಮ್ಷ ಸ್ಪ್ಯಾನರ್ ಎತ್ಕಂಡು ಮತ್ತೆ ಅಲ್ಲೇ ಇಟ್ಬುಡು. ದೇವ್ರು ಏನೂ ಅನ್ನಾಕಿಲ್ಲ."

"ಪೂಜೆಗಿಟ್ಟಿದ್ದು ಎತ್ತಾಕಾಯ್ತದಾ? ಬಾಯ್ ಮುಚ್ಚು."

ಪಂಪ್‌ಸೆಟ್ಟಿನವರು ಬಿಟ್ಟುಹೋಗಿದ್ದ ಎರಡಡಿ ಪೈಪ್ ರೆಂಚು ನೀರಿನ ಡ್ರಮ್ಮಿನ ಹಿಂದೆ ಬಿದ್ದಿತ್ತು. ತನ್ನದಲ್ಲವೆಂದು ಅದನ್ನು ಪೂಜೆಗೆ ಇಟ್ಟಿರಲಿಲ್ಲ. ಅಂಜನಪ್ಪ ಅದನ್ನೇ ಹಿಡಿದು ಕಾರಿನ ಕೆಳಗೆ ತೂರಿದ. ಅಷ್ಟು ಉದ್ದದ ಹಿಡಿಗೆ ಕೈಯ ಅಂದಾಜು ಸಿಗುವುದಿಲ್ಲ. ಒಂದು ಎಳೆತಕ್ಕೆ ಬಿಗಿಯಾಯಿತು. ಇನ್ನೊಂದಕ್ಕೆ ತಟಕ್ಕನೆ ಹಗುರಾಯಿತು. ಥ್ರೆಡ್ಡು ಹೋಯಿತೆಂದು ಅವನ ಕೈಗೆ ಆ ಕ್ಷಣವೇ ಗೊತ್ತಾಯಿತು. ಬಾಯಿಗೆ ಮಾತ್ರ ಗೊತ್ತಾಗಲಿಲ್ಲ. ಬೋಲ್ಟಿಗೆ ನೂಲು ಸುತ್ತಿ, ಬಟ್ಟೆ ಸೋಪು ಮೆತ್ತಿ ಒತ್ತಿ ಕೂರಿಸಿದ. ಕುಣಿಗಲಿಗೆ ಹೋಗಿ ಬರುವಷ್ಟು ತಡೆಯುತ್ತದೆ, ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡ. ಹೊಸ ಆಯಿಲ್ ಸುರಿದ. "ಆಯ್ತಾಣ್ಣ?" ಅಂತ ದಾಸಯ್ಯ ಕೇಳಿದ್ದಕ್ಕೆ "ಹೂಂ, ತಗೊಂಡೋಗು" ಅಂದ.

ಇಂಜಿನ್ ಕಾದಂತೆ ಸೋಪು ಕರಗಿತು. ಹೆಬ್ಬೂರಿನ ಆಚೆ ಆಯಿಲ್ ಗೇಜಿನ ಮುಳ್ಳು ಬಿತ್ತು. ಎರಡು ಗಂಟೆ ರಸ್ತೆಯಲ್ಲಿ ನಿಂತು, ಕೊನೆಗೆ ಯಾವುದೋ ಬಸ್ಸು ಹಿಡಿದು ವೆಂಕಟೇಶಯ್ಯನವರು ಅಣ್ಣನ ಮನೆ ಸೇರುವ ಹೊತ್ತಿಗೆ ಶ್ರೀಕಂಠಯ್ಯನವರ ಪ್ರಾಣ ಹೋಗಿ ಮುಕ್ಕಾಲು ಗಂಟೆಯಾಗಿತ್ತು.

ಈಗ ಆ ಬೋಲ್ಟು ಮತ್ತೆ ಅವನ ಕೈಯಲ್ಲೇ ಇತ್ತು. "ನಾಳಿದ್ದಕ್ಕೆ ಸರಿ ಮಾಡ್ಕೊಡ್ತೀನಿ ಸ್ವಾಮಿ" ಅಂದ. ಬೇರೆ ಏನೋ ಹೇಳಬೇಕೆಂದು ಬಾಯಿ ತೆರೆದಾಗ ಚಪ್ಪಲಿಗಳು ಆಗಲೇ ಬಾಗಿಲ ಕಡೆ ತಿರುಗಿದ್ದವು.

ಅಷ್ಟು ಹಳೇ ಕಾರಿನ ಬೋಲ್ಟು ತುಮಕೂರಿನಲ್ಲಿರಲಿ, ಬೆಂಗಳೂರಿನಲ್ಲೂ ಸಿಗುವಂತಿರಲಿಲ್ಲ. ಅಂಜನಪ್ಪ ಚೇಂಬರನ್ನೇ ಕೆಳಗಿಳಿಸಿ, ಸವೆದ ತೂತನ್ನು ಒಂದು ಸೈಜು ದೊಡ್ಡದಾಗಿ ಕೊರೆದ. ಟ್ಯಾಪೆಂಬ ಹಲ್ಲಿನ ಉಕ್ಕಿನ ಕಡ್ಡಿಗೆ ಗ್ರೀಸು ಹಚ್ಚಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಹೊಸ ಥ್ರೆಡ್ಡು ಕತ್ತರಿಸಿದ. ಎಂಥ ಒರಟು ಕೈಯೂ ಆ ಕೆಲಸದಲ್ಲಿ ಮೆತ್ತಗಾಗಲೇಬೇಕು. ಈ ತಾಳ್ಮೆಯ ನಾಲ್ಕಾಣೆ ಭಾಗ ಆವತ್ತು ಸಂಜೆ ಇದ್ದಿದ್ದರೆ ಅನ್ನಿಸಿ ಅವನ ಕಣ್ಣು ಮಂಜಾಯಿತು. ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಗ್ರೀಸು.

ಮಾರನೆಯ ದಿನ ಒಂದು ಸೈಜು ದಪ್ಪದ ಬೋಲ್ಟು ಕಡೆಸಲು, ಅಳತೆಗೆ ಹಳೇ ಬೋಲ್ಟು ಹಿಡಿದು ಲೇತ್ ಅಂಗಡಿಗೆ ಹೋದ. ಲೇತಿನ ಲಕ್ಷ್ಮೀನರಸಿಂಹಯ್ಯ ಕನ್ನಡಕ ಏರಿಸಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಯಾರಯ್ಯ ಇದಕ್ಕೆ ಪೈಪ್ ರೆಂಚ್ ಹಾಕಿದ ಪುಣ್ಯಾತ್ಮ?"

"ಯಾರೋ" ಅಂದ ಅಂಜನಪ್ಪ. ಬೋಲ್ಟು ಸಂಜೆಗೆ ಸಿಗುತ್ತದೆ ಅಂದಿದ್ದರು. ಅವನು ಶೆಡ್ಡಿಗೆ ಹೋಗದೆ ಗುಬ್ಬಿಯ ಬಸ್ಸು ಹತ್ತಿದ.

ಗುಬ್ಬಿಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಕೆಲಸ ಹೋದ ಮೇಲೆ ದಾಸಯ್ಯ ಸೇರಿಕೊಂಡಿದ್ದ ಅಕ್ಕನ ಮನೆ. ಅವನು ಹೊರಗೆ ಕುಕ್ಕುರುಗಾಲಲ್ಲಿ ಕೂತು, ತೆಂಗಿನ ಗರಿ ಸೀಳಿ ಪೊರಕೆಕಡ್ಡಿ ತೆಗೆಯುತ್ತಿದ್ದ. ಮೈಮೇಲೆ ಲುಂಗಿ, ಟವಲು ಬಿಟ್ಟರೆ ಏನೂ ಇರಲಿಲ್ಲ. ಖಾಕಿ ಇಲ್ಲದ ದಾಸಯ್ಯನನ್ನು ಅಂಜನಪ್ಪ ನೋಡಿದ್ದು ಅದೇ ಮೊದಲು. ಇಷ್ಟೇ ಇಷ್ಟು ಮನುಷ್ಯ ಅನ್ನಿಸಿತು.

"ಬಾರಣ್ಣ. ಗಾಡಿ ಬಂತಾ? ಆಯಿಲಿಲ್ದೆ ಇಂಜಿನ್ ಕಚ್ಕಂಡಿಲ್ಲ ತಾನೆ?"

"ಇಲ್ಲ. ಸರ್ಯಾದ್ ಹೊತ್ಗೆ ಆಫ್ ಮಾಡಿದೀಯ."

"ಮುಳ್ಳು ಬಿತ್ತು, ಕೀ ತಿರುಗಿಸ್ದೆ. ಅಷ್ಟೆ."

ಅಂಜನಪ್ಪ ಅವನ ಎದುರಿಗೆ ನೆಲದ ಮೇಲೇ ಕೂತ. "ನಾನ್ ಪೈಪ್ ರೆಂಚ್ ಹಾಕಿದ್ದು ನೀನ್ ನೋಡ್ದೆ."

"ನೋಡ್ದೆ. ನೂಲು ಸುತ್ತಿದ್ದು ಆವತ್ತು ಕಾಣ್ಲಿಲ್ಲ. ಹೆಬ್ಬೂರಲ್ಲಿ ಗಾಡಿ ಕೆಳಗೆ ತೂರ್ದಾಗ ಕಂಡ್ತು."

"ಮತ್ಯಾಕ್ಲಾ ಅವ್ರಿಗೆ ಹೇಳ್ಲಿಲ್ಲ?"

ದಾಸಯ್ಯ ಗರಿ ಕೆಳಗಿಟ್ಟ. "ನಾನ್ ಹೇಳಿದ್ರೆ, ಸಿಕ್ಕಾಕ್ಕಂಡೋನು ಇನ್ನೊಬ್ಬನ ತಲೆ ಮ್ಯಾಲೆ ಎತ್ತಾಕ್ದ ಅಂತಾರೆ. ಸ್ಟೇರಿಂಗ್ ಹಿಡ್ಯಾದು ಕಲ್ಸಿದ್ದು ನೀನು. ಅವ್ರ ಮನೇಲಿ ಕೆಲ್ಸಕ್ಕೆ ನಿಲ್ಸಿದ್ದು ನೀನು." ಅಂಗೈಯ ಸಿಬಿರು ಕೊಡವಿಕೊಂಡು ಅಂದ, "ನೀನೇ ಹೇಳ್ತೀಯ ಅಂದ್ಕಂಡಿದ್ದೆ ಕಣಣ್ಣ."

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ದಾಸಯ್ಯ ಸಿಟ್ಟಿನಿಂದ ಅನ್ನಲಿಲ್ಲ. ಒಳಗೆ ಹೋಗಿ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ತಂದುಕೊಟ್ಟ. ಒಗೆದು ಇಸ್ತ್ರಿ ಮಾಡಿಸಿದ ಖಾಕಿ ಬಟ್ಟೆ. "ಅವ್ರು ಹೊಲ್ಸಿಕೊಟ್ಟಿದ್ದು. ಹೋಗ್ತಾ ಕೊಟ್ಬುಡು."

ಮೂರನೆಯ ದಿನ ಹೊಸ ಹಿತ್ತಾಳೆ ಬೋಲ್ಟು ಕೂತಿತು. ಬೋಲ್ಟಿನ ತಲೆಯಡಿ ಹಾಕುವ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ ಮೆತ್ತಗೆ ಮಾಡಿಕೊಂಡಿದ್ದ. ಬಿಗಿದದ್ದು ತನ್ನದೇ ಗಿಡ್ಡ ಸ್ಪ್ಯಾನರಿನಲ್ಲಿ. ಒಂದು ಗಂಟೆ ಇಂಜಿನ್ ಓಡಿಸಿ, ಕೆಳಗೆ ಹಾಸಿದ ಪೇಪರು ನೋಡಿದ. ಒಂದು ತೊಟ್ಟೂ ಬಿದ್ದಿರಲಿಲ್ಲ.

ತುಮಕೂರಿನ ಚಿಕ್ಕಪೇಟೆಯ ಮನೆಯ ಮುಂದೆ ಕಾರು ನಿಲ್ಲಿಸಿದಾಗ ವೆಂಕಟೇಶಯ್ಯನವರು ಜಗಲಿಯ ಮೇಲಿದ್ದರು. ಅಂಜನಪ್ಪ ಖಾಕಿಯ ಕಟ್ಟು, ಅದರ ಪಕ್ಕದಲ್ಲಿ ಹಳೇ ಬೋಲ್ಟು ಇಟ್ಟು, ಕೈಕಟ್ಟಿ ನಿಂತು ಎಲ್ಲವನ್ನೂ ಹೇಳಿದ. ಪೂಜೆ, ರೆಂಚು, ನೂಲು, ಸೋಪು, ಯಾವುದನ್ನೂ ಬಿಡಲಿಲ್ಲ. "ದಾಸಯ್ಯಂದು ಏನೂ ತಪ್ಪಿಲ್ಲ ಸ್ವಾಮಿ. ಇಂಜಿನ್ ಉಳ್ಸಿದ್ದೇ ಅವ್ನು. ನಂದೇ ಎಲ್ಲಾ."

ವೆಂಕಟೇಶಯ್ಯನವರು ಬೋಲ್ಟನ್ನು ಮುಟ್ಟಲಿಲ್ಲ. "ಆವತ್ತು ಸಾಯಂಕಾಲಾನೆ ಇದನ್ನ ಹೇಳಿದ್ದಿದ್ರೆ ನಾನು ಬೆಳಗಿನ ಐದೂವರೆ ಬಸ್ಸಿಗೆ ಹೋಗಿರ್ತಿದ್ದೆ" ಅಂದರು.

ಅಂಜನಪ್ಪನಿಗೆ ಇದು ಹೊಳೆದೇ ಇರಲಿಲ್ಲ.

"ಅದೇ ಬಸ್ಸು ಹೆಬ್ಬೂರಲ್ಲಿ ನನ್ನ ಕಣ್ಣೆದುರಿಗೇ ಹೋಯ್ತು. ಹಬ್ಬದ ಜನ ಫುಟ್‌ಬೋರ್ಡ್ ಮೇಲೆಲ್ಲಾ ನೇತಾಡ್ತಿದ್ರು. ಕೈ ಅಡ್ಡ ಹಾಕ್ದೆ, ನಿಲ್ಲಿಸ್ಲಿಲ್ಲ. ಅದು ಏಳು ಗಂಟೆಗೆ ಕುಣಿಗಲ್ ಸೇರತ್ತೆ. ಅಣ್ಣಯ್ಯ ಹೋಗಿದ್ದು ಏಳೂಮುಕ್ಕಾಲಿಗೆ." ಅವರ ದನಿ ಏರಲಿಲ್ಲ. "ಇದು ನಮ್ಮಪ್ಪ ತಂದ ಕಾರು. ನಾನೂ ಅಣ್ಣಯ್ಯನೂ ಇದ್ರಲ್ಲೇ ಓಡ್ಸೋದು ಕಲ್ತಿದ್ದು. ಬೆಳಗಿನ ಜಾವದಿಂದ್ಲೂ ಅತ್ತಿಗೇನ ಕೇಳ್ತಾನೇ ಇದ್ನಂತೆ, ಕಾರಿನ ಸದ್ದು ಬಂತಾ, ಕಾರಿನ ಸದ್ದು ಬಂತಾ ಅಂತ."

ಕ್ಷಮಿಸಿ ಅನ್ನುವ ಮಾತು ಆ ಜಗಲಿಯ ಮೇಲೆ ಇಡಲಿಕ್ಕೂ ತೀರ ಚಿಕ್ಕದಾಗಿತ್ತು. ಅಂಜನಪ್ಪ ತಲೆ ತಗ್ಗಿಸಿ ನಿಂತೇ ಇದ್ದ.

ವೆಂಕಟೇಶಯ್ಯನವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಖಾಕಿಯ ಕಟ್ಟನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. "ಗುಬ್ಬಿಗೆ ನಡಿ" ಅಂದರು.

ದಾರಿಯುದ್ದಕ್ಕೂ ಅಂಜನಪ್ಪನ ಕಣ್ಣು ರಸ್ತೆಯ ಮೇಲಿದ್ದಷ್ಟೇ ಗೇಜಿನ ಮುಳ್ಳಿನ ಮೇಲೂ ಇತ್ತು. ಅದು ಅಲುಗದೆ ನಿಂತಿತ್ತು. ಹಳೇ ಇಂಜಿನ್ನು ಗೇರು ಬದಲಿಸಿದಾಗಲೆಲ್ಲ ಗೊರಗೊರ ಅಂದು, ಮತ್ತೆ ಸಮಾಧಾನ ಮಾಡಿಕೊಂಡು ಓಡುತ್ತಿತ್ತು.

ಗುಬ್ಬಿಯ ಬಸ್ ಸ್ಟ್ಯಾಂಡು ದಾಟಿ ಗಲ್ಲಿಗೆ ತಿರುಗಿಸಿದರೆ, ದಾಸಯ್ಯ ಆಗಲೇ ಮನೆ ಬಿಟ್ಟು ಗಲ್ಲಿಯ ಬಾಯಿಗೆ ಬಂದು ನಿಂತಿದ್ದ. ಅವಸರದಲ್ಲಿ ಹೊದ್ದ ಟವಲು ಒಂದು ಹೆಗಲಿನಿಂದ ಜಾರಿತ್ತು. ಅಂಗೈಗೆ ಗರಿಯ ಸಿಬಿರು ಅಂಟಿತ್ತು. ಅಂಜನಪ್ಪ ಬ್ರೇಕು ಒತ್ತಿದ.

ದಾಸಯ್ಯ ಹಿಂದಿನ ಕಿಟಕಿಯ ಹತ್ತಿರ ಬಂದು ಬಗ್ಗಿದ. "ಸದ್ದು ಕೇಳಿಸ್ತು ಸ್ವಾಮಿ" ಅಂದ. "ರೋಡಲ್ಲಿ ಬರೋವಾಗ್ಲೇ ಕೇಳಿಸ್ತು."

ವೆಂಕಟೇಶಯ್ಯನವರು ತೊಡೆಯ ಮೇಲಿನ ಖಾಕಿಯ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತರು. ದಾಸಯ್ಯ ಅಂಗೈಯನ್ನು ಟವಲಿಗೆ ಒರೆಸಿಕೊಂಡು, ದಿನವೂ ಮಾಡುತ್ತಿದ್ದ ಹಾಗೆ ಅವರ ಕಡೆಯ ಬಾಗಿಲು ತೆಗೆದು ಹಿಡಿದು ನಿಂತ.

ಇಂಜಿನ್ ನಿಲ್ಲಿಸು ಅಂತ ಯಾರೂ ಹೇಳಲಿಲ್ಲ. ಅಂಜನಪ್ಪ ಕೀಯ ಮೇಲೆ ಕೈ ಇಟ್ಟುಕೊಂಡು, ತಿರುಗಿಸದೆ ಕೂತಿದ್ದ.